ತಿಪ್ಪೆ ಸೇರಿದ ಜೇಡದ ಪೊರೆ

ನನ್ನ ಮೊಮ್ಮಗಳಿಗೆ ತಲೆ ಕೆಟ್ಟಿದೆ ಎಂದು ನಮ್ಮೂರಿನಲ್ಲಿ ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಕೂತುಕೊಳ್ಳಿ, ಕಾಫಿ ಕುಡಿಯಿರಿ, ನಿಮಗೆ ಗೊತ್ತಿರುವುದು ಕಾಲು ಭಾಗ, ಮಿಕ್ಕ ಮುಕ್ಕಾಲು ನಾನು ಹೇಳುತ್ತೇನೆ ಎನ್ನುತ್ತೇನೆ. ಬೇರೆಯವರ ಮನೆ ಹೆಣ್ಣುಮಕ್ಕಳು ಬೆಂಗಳೂರಿನಿಂದ ಬಂದರೆ ಬ್ಯಾಗಿನಲ್ಲಿ ಏನಿರುತ್ತದೆ? ಒಗೆಯುವ ಬಟ್ಟೆ ಇರುತ್ತದೆ, ಬೇಕರಿಯ ಪೊಟ್ಟಣ ಇರುತ್ತದೆ. ನಮ್ಮವಳ ಬ್ಯಾಗಿನಲ್ಲಿ ಕಾಲು ಇರುತ್ತದೆ. ಗಾಬರಿಯಾಗಬೇಡಿ, ಜೇಡದ ಕಾಲು. ಬೆರಳುದ್ದ, ತುಂಬ ಕೂದಲು, ಸ್ಪಿರಿಟ್ ಹಾಕಿದ ಪುಟ್ಟ ಸೀಸೆಯೊಳಗೆ ನೆಟ್ಟಗೆ ನಿಂತಿರುತ್ತದೆ. ಅದನ್ನು ತಂದು ನಮ್ಮ ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಯ ಪಕ್ಕ ಇಡುತ್ತಾಳೆ, ಆಮೇಲೆ ಕೈಕಾಲು ತೊಳೆಯುತ್ತಾಳೆ.

ಅವಳು ಜೇಡದ ಮೇಲೆ ಓದುತ್ತಿರುವುದು. ಮೂಲೆಯಲ್ಲಿ ಬಲೆ ಕಟ್ಟುವ ಬಡಪಾಯಿ ಜೇಡ ಅಲ್ಲ. ಮಣ್ಣಿನಲ್ಲಿ ಬಿಲ ತೋಡಿಕೊಂಡು ಇರುವ, ಅಂಗೈ ಅಗಲದ, ಮೈಯೆಲ್ಲ ರೋಮದ ಜೇಡ. ಟರಾಂಟುಲಾ ಎನ್ನುತ್ತಾರಂತೆ. ಆ ಹೆಸರು ನನ್ನ ನಾಲಿಗೆಗೆ ಹತ್ತುವುದಿಲ್ಲ, ನಾನು ದೊಡ್ಡ ಜೇಡ ಎನ್ನುತ್ತೇನೆ. ಜೇಡಕ್ಕೂ ಬೇಜಾರಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ನಾಲ್ಕಕ್ಕೆ ಹೋಗುವಷ್ಟರಲ್ಲಿ ನಮ್ಮಪ್ಪನ ಮನೆಗೆ ರೇಷ್ಮೆ ಹುಳ ಬಂತು, ನಾನು ಸೊಪ್ಪು ಹೆಚ್ಚಲು ಕೂತೆ. ಹುತ್ತೂರಿನ ಪಕ್ಕದ ಈ ಊರಿಗೆ ಮದುವೆಯಾಗಿ ಬಂದ ಮೇಲೂ ಅದೇ ಕೆಲಸ. ಐವತ್ತು ವರ್ಷಕ್ಕೂ ಮೇಲೆ ಹುಳ ಸಾಕಿದ ಕೈ ಇದು. ಒಂದು ಗೂಡನ್ನು ಅಂಗೈಯಲ್ಲಿಟ್ಟರೆ ಯಾವ ತಳಿ, ಹುಳಕ್ಕೆ ಕೊನೆಯ ಎರಡು ದಿನ ಸೊಪ್ಪು ಸಾಲಿತ್ತೋ ಇಲ್ಲವೋ, ಎಲ್ಲ ಹೇಳಬಲ್ಲೆ. ಇದನ್ನು ಯಾಕೆ ಹೇಳಿದೆನೆಂದರೆ, ಈ ಕತೆಯಲ್ಲಿ ಓದಿದವಳು ಒಬ್ಬಳು, ಓದದವಳು ಒಬ್ಬಳು. ಹೆಚ್ಚು ಪೆದ್ದು ಕೆಲಸ ಯಾರು ಮಾಡಿದರು ಎಂಬುದನ್ನು ನೀವೇ ತೀರ್ಮಾನ ಮಾಡಬೇಕು.

ಮೊದಲು ಅವಳ ಜೇಡಗಳು ಹಾಸ್ಟೆಲಿನಲ್ಲಿ ಇದ್ದವು. ಒಂದು ದಿನ ಪಕ್ಕದ ಮಂಚದ ಹುಡುಗಿ ಡಬ್ಬಿಯಲ್ಲಿ ಚಕ್ಕುಲಿ ಇದೆಯೆಂದು ತೆರೆದಳು. ಆ ಹುಡುಗಿ ಆಮೇಲೆ ಒಂದು ವಾರ ಯಾರ ಡಬ್ಬಿಯನ್ನೂ ತೆರೆಯಲಿಲ್ಲವಂತೆ. ಅದೇ ಸಂಜೆ ನಮ್ಮವಳು ಡಬ್ಬಿಗಳನ್ನೆಲ್ಲ ಹೊತ್ತುಕೊಂಡು ಊರಿಗೆ ಬಂದಳು. ನನ್ನ ಸೊಸೆ, ಎಂದರೆ ಅವಳ ತಾಯಿ, ಬಾಗಿಲಲ್ಲೇ ಅಡ್ಡ ನಿಂತಳು.

"ಅವು ಈ ಹೊಸಲು ದಾಟಿದ್ರೆ ನಾನು ದಾಟ್ಕೊಂಡು ಹೋಗ್ತೀನಿ ನೋಡು."

"ಎಲ್ಲಿಗೆ ಹೋಗ್ತೀಯಮ್ಮ?"

"ಎಲ್ಲಿಗೋ ಹೋಗ್ತೀನಿ. ಅತ್ತೆ, ನೀವಾದ್ರೂ ಹೇಳಿ."

ನಾನು ಹೇಳಿದೆ: "ಹಳೇ ಹುಳದ ಮನೆ ಖಾಲಿ ಐತಲ್ಲ. ಅಲ್ಲಿಟ್ಕೊಳ್ಳಲಿ ಬಿಡು. ಈ ಮನೇಲಿ ನಾವು ಹುಳ ಸಾಕದೆ ಇದ್ದ ದಿನ ಯಾವ್ದು?"

ಹುಳಕ್ಕೂ ಜೇಡಕ್ಕೂ ಬಹಳ ವ್ಯತ್ಯಾಸ ಇದೆ ಎಂದು ಸೊಸೆಗೆ ಹೊಳೆಯುವಷ್ಟರಲ್ಲಿ ಡಬ್ಬಿಗಳು ಹುಳದ ಮನೆಯ ತಟ್ಟೆ ಸ್ಟ್ಯಾಂಡಿನ ಮೇಲೆ ಸಾಲಾಗಿ ಕೂತಿದ್ದವು.

ಈಗ ಈ ಕತೆಯ ಮುಖ್ಯ ಹೆಂಗಸಿನ ವಿಷಯಕ್ಕೆ ಬರುತ್ತೇನೆ. ಅವಳೂ ಒಂದು ಜೇಡವೇ. ಹಿಡಿದದ್ದು ಶ್ರೀನಿವಾಸಪುರದ ಆಚೆ, ರಾಯಲ್ಪಾಡಿನ ಒಂದು ಮಾವಿನ ತೋಪಿನಲ್ಲಿ. ಆ ಕಡೆ ಒಬ್ಬಳನ್ನೇ ಕಳಿಸುವುದಿಲ್ಲ ಎಂದು ನನ್ನ ಮಗ ಹಟ ಹಿಡಿದ, ಹಾಗಾಗಿ ಕಾವಲಿಗೆ ನಾನು ಹೋದೆ. ಎಪ್ಪತ್ತು ದಾಟಿದವಳನ್ನು ಇಪ್ಪತ್ತಾರರವಳಿಗೆ ಕಾವಲು ಕಳಿಸುವ ನನ್ನ ಮಗನ ಬುದ್ಧಿಗೆ ಏನೆನ್ನುವುದು? ಆದರೂ ಹೋದದ್ದು ಒಳ್ಳೆಯದೇ ಆಯಿತು. ಅವಳು ತೋಪಿನ ಬದುವಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಒಂದು ತೂತಿನೊಳಗೆ ಹುಲ್ಲುಕಡ್ಡಿ ಆಡಿಸುತ್ತಿದ್ದಳು. ನಾನು ಆ ತೂತಿನ ಬಾಯಿ ಸವರಿ ನೋಡಿದೆ. ಸುತ್ತಲೂ ನಯವಾದ ನೂಲಿನ ಅಂಚು. ಎರಡು ಬೆರಳಲ್ಲಿ ಹಿಡಿದು ಹೊಸೆದೆ.

"ಲೇ, ಇದು ರೇಷ್ಮೆ ಕಣೇ!"

"ಹೂಂ ಅಜ್ಜಿ. ಅದರದ್ದೇ ರೇಷ್ಮೆ."

ಆ ಗಳಿಗೆಯಿಂದ ನಾನು ಜೇಡದ ಪಕ್ಷಕ್ಕೆ ಸೇರಿಬಿಟ್ಟೆ. ಸೊಪ್ಪು ಹಾಕುವವರಿಲ್ಲ, ಹಾಸಿಗೆ ಬದಲಿಸುವವರಿಲ್ಲ, ತನ್ನ ಪಾಡಿಗೆ ತಾನು ರೇಷ್ಮೆ ತೆಗೆದು ಬಾಗಿಲಿಗೆ ಅಂಚು ಹಚ್ಚಿಕೊಂಡು ಕೂತಿದೆ. ಅಂಥವಳನ್ನು ಹೆದರಿ ಹೊಡೆಯುತ್ತಾರಲ್ಲ ಜನ.

ಅಷ್ಟರಲ್ಲಿ ತೋಪಿನ ಯಜಮಾನರು ಬಂದರು. ಇಬ್ಬರು ಹೆಂಗಸರು ತಮ್ಮ ಬದುವಿನ ಮೇಲೆ ಮೂಗು ಮಣ್ಣಿಗೆ ಹಚ್ಚಿ ಮಲಗಿದ್ದನ್ನು ನೋಡಿ ಹತ್ತಿರ ಬಂದು ತಾವೂ ಬಗ್ಗಿದರು. ಆಮೇಲೆ ತೆಲುಗಿನಲ್ಲಿ ಕೇಳಿದರು, "ಪನೇಮೀ ಲೇದಾ ತಲ್ಲೀ?" ಮಾಡಲು ಕೆಲಸವಿಲ್ಲವೇ ಎಂದು. "ಇದೇ ಪನಿ ಅನ್ನಾ," ಎಂದೆ. ಇದೇ ಕೆಲಸ. ಅವರು ಇನ್ನೇನೂ ಕೇಳದೆ ಹೋಗಿ, ಬರುವಾಗ ಕುಡಿಯಲು ಮಜ್ಜಿಗೆ ತಂದರು. ಕೆಲಸ ಮಾಡುವವರಿಗೆ ನಮ್ಮ ಕಡೆ ಮಜ್ಜಿಗೆ ಕೊಡುವುದು ಪದ್ಧತಿ.

ಮಜ್ಜಿಗೆ ಮುಗಿಯುವಷ್ಟರಲ್ಲಿ ಅದು ಕಡ್ಡಿ ಕಚ್ಚಿಕೊಂಡು ಆಚೆ ಬಂತು. ಹೆಣ್ಣು. ಕಪ್ಪು ಮೈ, ಬಿಸಿಲು ಬಿದ್ದ ಕಡೆ ನೀಲಿ ಮಿಂಚು. ನಮ್ಮವಳು ಅದರ ಹಿಂದಿನ ಒಂದು ಕಾಲನ್ನು ಚಿಮಟದಲ್ಲಿ ಮೆಲ್ಲಗೆ ಹಿಡಿದಳು. ಹಲ್ಲಿ ಬಾಲ ಬಿಡುವ ಹಾಗೆ ಅದು ಕಾಲನ್ನು ಅಲ್ಲೇ ಕಳಚಿಕೊಟ್ಟು ಹಿಂದೆ ಸರಿಯಿತು. "ಅಯ್ಯೋ, ಕುಂಟಿ ಮಾಡ್ಬಿಟ್ಯಲ್ಲೇ," ಎಂದೆ. "ಮತ್ತೆ ಬೆಳೆಯತ್ತೆ ಅಜ್ಜಿ," ಎಂದಳು. ಕಾಲು ಸೀಸೆಗೆ ಹೋಯಿತು, ಕಾಲಿನವಳು ತಿಂಡಿಯ ಡಬ್ಬಿಗೆ.

ಕೋಲಾರದ ಬಸ್ಸಿನಲ್ಲಿ ಆ ಡಬ್ಬಿ ಅವಳ ತೊಡೆಯ ಮೇಲಿತ್ತು. ಪಕ್ಕದ ಹೆಂಗಸು ಬಹಳ ಹೊತ್ತು ನೋಡಿ, "ಏನಮ್ಮ, ಒಬ್ಬಟ್ಟಾ?" ಎಂದಳು. ನಮ್ಮವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದು ಅವಳ ದೊಡ್ಡ ರೋಗ. "ಅಲ್ಲ ಆಂಟಿ, ತೋರಿಸ್ತೀನಿ ತಾಳಿ," ಎಂದು ಮುಚ್ಚಳಕ್ಕೆ ಕೈ ಹಾಕಿದಳು. ನಾನು ಮುಚ್ಚಳವನ್ನು ಒತ್ತಿ ಹಿಡಿದು, "ಹರಕೆ ಕಣಮ್ಮ, ದಾರೀಲಿ ತೆಗೀಬಾರ್ದು," ಎಂದೆ. ಆಕೆ ಭಕ್ತಿಯಿಂದ ಡಬ್ಬಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಒಳಗೆ ಏಳು ಕಾಲಿನ ದೇವರು ಅಲುಗಾಡದೆ ಕೂತಿತ್ತು.

ಮನೆಗೆ ಬಂದ ಮೇಲೆ ನಾನು ಅವಳನ್ನು ಕೂರಿಸಿ ಕೇಳಿದೆ, ಇಷ್ಟೆಲ್ಲ ಯಾತಕ್ಕೆ ಎಂದು. ಅವಳು ಹೇಳಿದ್ದು ಇದು. ಆಂಧ್ರದ ಕಡೆ ಹೀಗೇ ಕಾಣುವ ಇನ್ನೊಂದು ದೊಡ್ಡ ಜೇಡ ಇದೆ. ಎಲ್ಲರೂ ಇದನ್ನೂ ಅದನ್ನೂ ಒಂದೇ ಎಂದುಕೊಂಡಿದ್ದಾರೆ. ಬೇರೆ ಎಂದು ಇವಳಿಗೆ ಎರಡು ವರ್ಷದಿಂದ ಅನುಮಾನ. ಅನುಮಾನ ಸಾಲದು, ಎರಡು ಸಾಕ್ಷಿ ಬೇಕು. ಒಂದು ಒಳಗಿನ ಬರಹದ್ದು, ಒಂದು ಅಂಗದ್ದು.

"ಒಳಗಿನ ಬರಹ ಅಂದ್ರೆ ಏನೇ?"

"ಎಲ್ಲಾ ಜೀವದ ಒಳಗೂ ಒಂದು ಬರಹ ಇರತ್ತೆ ಅಜ್ಜಿ. ಡಿಎನ್‌ಎ ಅಂತಾರೆ. ಆ ಕಾಲಿನ ಚೂರಿಂದ ಅದನ್ನ ಓದಬಹುದು. ಅದಕ್ಕೆ ಇರೋದು ನಾಲ್ಕೇ ಅಕ್ಷರ."

"ಬರೀ ನಾಲ್ಕಾ?"

"ನಾಲ್ಕೇ. ಅವನ್ನೇ ಹಿಂದೆಮುಂದೆ ಮಾಡಿ ಜೇಡಾನೂ ಬರೆದಿದೆ, ನಿನ್ನನ್ನೂ ಬರೆದಿದೆ."

"ಹಂಗಾದ್ರೆ ನಾನು ಕಲ್ತಿರೋದೇ ಜಾಸ್ತಿ ಆಯ್ತಲ್ಲೇ. ನಂಗೆ ಕಾಗುಣಿತ ಪೂರ್ತಿ ಬರ್ತದೆ."

ಕಾಲಿನ ಓದು ಬೆಂಗಳೂರಿನಲ್ಲಿ ಒಂದು ತಿಂಗಳಲ್ಲಿ ಮುಗಿಯಿತು. ಅಕ್ಷರಗಳು ಬೇರೆಯೇ ಇದ್ದವು. ನಾನು ಪಾಯಸ ಮಾಡಿದೆ. ಆದರೆ ಅವಳ ಮೇಷ್ಟ್ರು ಪಾಯಸಕ್ಕೆ ಒಪ್ಪುವ ಮನುಷ್ಯನಲ್ಲ. ಅಕ್ಷರ ಬೇರೆ ಇದ್ದರೆ ಸಾಲದು, ಅಂಗವೂ ಬೇರೆ ಎಂದು ತೋರಿಸು ಎಂದರು. ಗಂಡು ಜೇಡ ಒಂದು ತಾನಾಗಿ ಸತ್ತದ್ದು ಅವಳ ಹತ್ತಿರ ಇತ್ತು, ಅದರ ಅಂಗ ನೋಡಿ ಆಗಿತ್ತು. ಬೇಕಾಗಿದ್ದದ್ದು ಹೆಣ್ಣಿನದು. ಹೆಣ್ಣು ಜೇಡದ ಹೊಟ್ಟೆಯ ಒಳಗೆ, ಗಂಡಿನ ಬೀಜವನ್ನು ಜೋಪಾನವಾಗಿ ಇಟ್ಟುಕೊಳ್ಳುವ ಪುಟ್ಟ ಚೀಲಗಳು ಇರುತ್ತವಂತೆ. ನಾನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆಅಡಿಕೆ ಚೀಲದ ಹಾಗೆ. ಆ ಚೀಲದ ಆಕಾರ ಒಂದೊಂದು ಜಾತಿಗೆ ಒಂದೊಂದು ಥರ. ಮೇಲಿನ ಬಣ್ಣ ಮೋಸ ಮಾಡಬಹುದು, ಚೀಲ ಮಾಡುವುದಿಲ್ಲ.

ಚೀಲ ನೋಡಲು ದಾರಿ ಎರಡೇ. ಒಂದು, ಜೇಡವನ್ನು ಸ್ಪಿರಿಟ್ಟಿಗೆ ಹಾಕಿ ಕೊಂದು, ಹೊಟ್ಟೆ ಕೊಯ್ದು ನೋಡುವುದು. ಎಲ್ಲರೂ ಮಾಡುವುದು ಅದನ್ನೇ. ಇನ್ನೊಂದು, ಅದು ಪೊರೆ ಬಿಡುವವರೆಗೆ ಕಾಯುವುದು. ಪೊರೆಯ ಜೊತೆಗೆ ಆ ಚೀಲದ ಒಳಪದರವೂ ಕಳಚಿ ಬರುತ್ತದೆ. ನಮ್ಮವಳು ಕೊಲ್ಲುವುದಿಲ್ಲ ಎಂದಳು. ಮೇಷ್ಟ್ರು ಆಷಾಢ ಹುಟ್ಟುವವರೆಗೆ ಸಮಯ ಕೊಟ್ಟರು. ಅಷ್ಟರಲ್ಲಿ ಪೊರೆ ಬಂದರೆ ಬಂತು, ಇಲ್ಲದಿದ್ದರೆ ಸ್ಪಿರಿಟ್. ಒಪ್ಪಿಕೊಂಡು ಬಂದು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ಆ ಎರಡು ಸಾಕ್ಷಿಯ ಹುಚ್ಚು ತಲೆಗೇರಿದ ಮೇಲೆ ಅವಳು ಮನುಷ್ಯರನ್ನೂ ಬಿಡಲಿಲ್ಲ. ಬೈರಕೂರಿನಲ್ಲಿ ನಮ್ಮ ಸಂಬಂಧಿಕರ ಮದುವೆ. ಊಟಕ್ಕೆ ಎಲೆ ಹಾಕಿ ಎಲ್ಲರೂ ಸಾಲಾಗಿ ಕೂತಿದ್ದೇವೆ. ಇವಳು ಅನ್ನ ಸಾರಿನ ಕಡೆ ನೋಡದೆ ಜನರ ಕಿವಿ ನೋಡುತ್ತಿದ್ದಾಳೆ.

"ಅಪ್ಪಂಗೂ ಅಂಟಿಕೊಂಡಿದೆ, ಚಿಕ್ಕತಾತಂಗೂ ಅಂಟಿಕೊಂಡಿದೆ, ಅವರ ಮಗಳಿಗೂ ಅಷ್ಟೇ."

"ಏನೇ ಅದು ಅಂಟಿಕೊಂಡಿರೋದು?" ಎಂದು ನನ್ನ ಮಗ ಗಾಬರಿಯಾಗಿ ಮುಖ ಒರೆಸಿಕೊಂಡ.

"ಕಿವಿ ಹಾಲೆ ಅಪ್ಪ. ಕೆನ್ನೆಗೆ ಅಂಟಿಕೊಂಡಿದೆ. ನಮ್ಮ ಮನೆ ಗುರುತು."

ಸಾಲಿನಲ್ಲಿ ಎಲ್ಲರೂ ಒಂದು ಕೈಯಲ್ಲಿ ಅನ್ನ, ಇನ್ನೊಂದು ಕೈಯಲ್ಲಿ ಕಿವಿ ಹಿಡಿದುಕೊಂಡರು. ಬಡಿಸುವವನು ಏನೋ ತಪ್ಪಾಗಿದೆ, ಎಲ್ಲರೂ ಕಿವಿ ಹಿಡಿದು ಕ್ಷಮೆ ಕೇಳುತ್ತಿದ್ದಾರೆ ಎಂದುಕೊಂಡು ಪಲ್ಯದ ಬಕೆಟ್ಟು ಹಿಡಿದು ನಿಂತೇಬಿಟ್ಟ. ನಾನು ಮಾತ್ರ ಕಿವಿ ಮುಟ್ಟಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ನನ್ನ ಹಾಲೆ ಅಂಟಿಕೊಂಡಿಲ್ಲ, ಜೋತಾಡುತ್ತದೆ.

ಇದನ್ನು ನಿಮಗೆ ಹೇಳಿಬಿಡುತ್ತೇನೆ. ಈ ಮನೆಗೆ ನಾನು ಎರಡನೆಯವಳಾಗಿ ಬಂದವಳು. ಮೊದಲನೆಯವಳು ತೀರಿಕೊಂಡಾಗ ಮಗುವಿಗೆ ಎರಡೂವರೆ ವರ್ಷ. ಆ ಮಗುವೇ ನನ್ನ ಮಗ, ನನ್ನ ಹೊಟ್ಟೆಯಲ್ಲಿ ಬೇರೆ ಮಕ್ಕಳು ಹುಟ್ಟಲಿಲ್ಲ. ಊರಿಗೆಲ್ಲ ಗೊತ್ತು, ಆದರೆ ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. ಮೊಮ್ಮಗಳಿಗೆ ಗೊತ್ತಿಲ್ಲವೆಂದೇ ನಾನು ತಿಳಿದಿದ್ದೆ. ಅವಳ ಕಣ್ಣು ನನ್ನ ಕಡೆ ತಿರುಗಿದಾಗ ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವಳು ಒಂದು ಗಳಿಗೆ ನೋಡಿ, "ಅಜ್ಜಿ ಓಲೆ ಭಾರಕ್ಕೆ ಕಿವಿ ಜೋತುಬಿದ್ದಿದೆ, ಸಾಕ್ಷಿಗೆ ಬರಲ್ಲ," ಎಂದು ಮುಂದಿನವರ ಕಿವಿಗೆ ಹೋದಳು. ಸದ್ಯ, ಬುದ್ಧಿವಂತೆಯಾದರೂ ಪೆದ್ದಿ ಎಂದುಕೊಂಡು ನಾನು ತುತ್ತು ನುಂಗಿದೆ.

ಮಾವು ಕೊಯ್ಲು ಮುಗಿಯುತ್ತ ಬಂತು. ಏಳು ಕಾಲಿನವಳು ಮೇವು ಬಿಟ್ಟಳು. ಮಿಡತೆ ಹಾಕಿದರೆ ಮಿಡತೆ ಅವಳ ಮೇಲೆಯೇ ಹತ್ತಿ ಓಡಾಡುತ್ತಿತ್ತು. ಮೊಮ್ಮಗಳಿಗೆ ಕಳವಳ.

"ಕಾಯಿಲೆ ಬಿದ್ದಿದೆಯೇನೋ ಅಜ್ಜಿ. ಪೊರೆಗಾ, ಕಾಯಿಲೆಗಾ, ಹೇಳಕ್ಕೇ ಆಗ್ತಿಲ್ಲ."

ನಾನು ಡಬ್ಬಿಯಲ್ಲಿ ಇಣುಕಿದೆ. ಹೊಟ್ಟೆ ಬಿಗಿದಿದೆ, ಮೈ ಮಂಕಾಗಿದೆ, ಕರೆದರೆ ತಿರುಗುವುದಿಲ್ಲ. ಇದನ್ನು ಐವತ್ತು ವರ್ಷ ನೋಡಿಲ್ಲವೇ ನಾನು? ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ನಾಲ್ಕು ಜ್ವರ ದಾಟಿದರೆ ಹುಳ ಗೂಡಿಗೆ ಹತ್ತುತ್ತದೆ.

"ಕಾಯಿಲೆಯೂ ಇಲ್ಲ, ಏನೂ ಇಲ್ಲ. ಜ್ವರಕ್ಕೆ ಕೂತೈತೆ. ಇನ್ನೊಂದು ವಾರ."

"ನಿಂಗೆ ಹೆಂಗೆ ಗೊತ್ತು?"

"ನಂಗೆ ಗೊತ್ತು. ನೀನು ಬರೆದುಕೋ."

ಆರನೆಯ ದಿನ ಅವಳು ಮೇಷ್ಟ್ರ ಹತ್ತಿರ ಇನ್ನೂ ಹತ್ತು ದಿನ ಕೇಳಲು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದಳು. ಹತ್ತು ಗಂಟೆಗೆ ಸೊಸೆ ಹುಳದ ಮನೆಯಿಂದ ಓಡಿಬಂದಳು. "ಅತ್ತೆ, ಸತ್ತೋಯ್ತು. ಅಂಗಾತ ಬಿದ್ದೈತೆ. ಅವಳು ಬರೋದ್ರೊಳಗೆ ಎತ್ತಿ ಬಿಸಾಕ್ಬಿಡೋಣ, ನೋಡಿದ್ರೆ ಅಳ್ತಾಳೆ."

ಹೋಗಿ ನೋಡಿದೆ. ನಿಜವಾಗಿಯೂ ಅಂಗಾತ ಬಿದ್ದಿದೆ. ಆದರೆ ತನ್ನ ಅಡಿಗೆ ತಾನೇ ರೇಷ್ಮೆಯ ಹಾಸಿಗೆ ನೇಯ್ದುಕೊಂಡು ಮಲಗಿದೆ. ಸಾಯುವವರು ಯಾರಾದರೂ ಹಾಸಿಗೆ ಹಾಸಿಕೊಂಡು ಸಾಯುತ್ತಾರೆಯೇ? "ಬಾಯಿ ಮುಚ್ಚು," ಎಂದೆ. "ಜ್ವರ ಬಿಡ್ತೈತೆ. ಯಾರೂ ಉಸಿರೆತ್ತಬೇಡಿ." ಹುಳದ ಜ್ವರ ಕಾಲಕ್ಕೆ ಇರುವ ನಿಯಮವನ್ನೆಲ್ಲ ಜಾರಿಗೆ ತಂದೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕಬಾರದು, ಊದುಬತ್ತಿ ಹಚ್ಚಬಾರದು, ಹೊರಗಡೆಯಿಂದ ಬಂದವರು ಕಾಲು ತೊಳೆಯದೆ ಒಳಗೆ ಬರಬಾರದು. ಆ ದಿನ ನನ್ನ ಮಗ ಒಗ್ಗರಣೆ ಇಲ್ಲದ ಸಾರು ಉಂಡ. ಯಾಕೆ ಎಂದು ಕೇಳಿದ, ಜೇಡಕ್ಕೆ ಜ್ವರ ಎಂದೆ. ಆಮೇಲೆ ಕೇಳಲಿಲ್ಲ.

ನಾನು ಮಣೆ ಹಾಕಿಕೊಂಡು ಡಬ್ಬಿಯ ಮುಂದೆ ಕೂತೆ. ನೋಡನೋಡುತ್ತ ಬೆನ್ನಿನ ಚಿಪ್ಪು ಮುಚ್ಚಳದ ಹಾಗೆ ಬಿಟ್ಟುಕೊಂಡಿತು. ಕೈಗವಸಿನಿಂದ ಬೆರಳು ಎಳೆದ ಹಾಗೆ ಒಂದೊಂದೇ ಕಾಲು ಆಚೆ ಬಂತು. ಎಣಿಸಿದೆ. ಎಂಟು. ಕಳಚಿದ್ದ ಕಡೆ ಒಂದು ಪುಟ್ಟ ಬಿಳಿ ಕಾಲು ಚಿಗುರಿತ್ತು. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಮಗುವಿನ ಮೊದಲ ಹಲ್ಲು ಕಂಡ ಹಾಗಾಯಿತು. ಆ ಸಂತೋಷದಲ್ಲಿಯೇ ನೋಡಿ ನಾನು ಆ ಕೆಲಸ ಮಾಡಿದ್ದು.

ಜ್ವರದಿಂದ ಎದ್ದ ಹುಳಕ್ಕೆ ಮೊದಲು ಮಾಡಬೇಕಾದ್ದೇನು? ಹಾಸಿಗೆ ಬದಲಿಸುವುದು. ಹಳೆಯ ಕಸ, ಪೊರೆ, ಹಿಕ್ಕೆ ಎಲ್ಲ ತೆಗೆದು ತಿಪ್ಪೆಗೆ ಹಾಕಿ, ಒಣಗಿದ ಹಾಸಿಗೆಯ ಮೇಲೆ ಹೊಸ ಮೇವು. ಜೇಡ ಎದ್ದು ಒಂದು ಮೂಲೆಗೆ ಸರಿದ ಕೂಡಲೇ ನಾನು ಕೋಳಿ ಗರಿಯಿಂದ ಕಸ, ಪೊರೆ ಎಲ್ಲ ಗುಡಿಸಿ ಮೊರಕ್ಕೆ ಹಾಕಿ ತಿಪ್ಪೆಗೆ ಸುರಿದು ಬಂದೆ. ಒಳ್ಳೆ ಮಣ್ಣು ಜರಡಿ ಹಿಡಿದು ಹಾಸಿದೆ. ಆಮೇಲೆ ಹೆಮ್ಮೆಯಿಂದ ಫೋನ್ ಮಾಡಿದೆ.

"ಎದ್ದೈತೆ ಕಣೇ! ಎಂಟು ಕಾಲು. ಹೇಳಿದ್ನೋ ಇಲ್ವೋ?"

ಆ ಕಡೆ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಪೊರೆ ಎಲ್ಲಿಟ್ಟಿದೀಯ ಅಜ್ಜಿ?"

ಆಗ ನನಗೆ ನೆನಪಾಯಿತು. ಪೊರೆ ಬೇಕೆಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದು ತಲೆಗೆ. ಗುಡಿಸಿದ್ದು ಕೈ. ಐವತ್ತು ವರ್ಷ ಒಂದೇ ಕೆಲಸ ಮಾಡಿದ ಕೈ ತಲೆಯನ್ನು ಕೇಳಲು ಹೋಗುವುದಿಲ್ಲ.

"ಅಜ್ಜಿ?"

"ತಿಪ್ಪೆ ಮೇಲೆ ಐತೆ," ಎಂದೆ. "ನೀನು ಬಾ. ನಾನು ಹುಡುಕಿ ಇಟ್ಟಿರ್ತೀನಿ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೊಟ್ಟೆ ಭಾಗ ಸಿಕ್ಕಿದ್ರೆ ಸಾಕು ಅಜ್ಜಿ, ಕಾಲು ಬೇಡ," ಎಂದು ಮೆಲ್ಲಗೆ ಹೇಳಿ ಫೋನಿಟ್ಟಳು. ಇನ್ನೊಂದು ಪೊರೆಗೆ ವರ್ಷ ಕಾಯಬೇಕು, ಆಷಾಢಕ್ಕೆ ಉಳಿದಿದ್ದು ನಾಲ್ಕು ದಿನ. ಎಂಟನೆಯ ಕಾಲು ಚಿಗುರಿಸಿಕೊಂಡು ಕೂತಿರುವ ಅವಳನ್ನು ಸ್ಪಿರಿಟ್ಟಿಗೆ ಹಾಕಬೇಕಾಗಿ ಬಂದರೆ ಅದು ನನ್ನ ಕೈ ಮಾಡಿದ್ದು.

ತಿಪ್ಪೆಗೆ ಓಡಿದೆ. ಓಡಿದೆ ಎಂದರೆ ನನ್ನ ಮಂಡಿ ಒಪ್ಪಿದಷ್ಟು. ಅಲ್ಲಿ ನಮ್ಮ ಮಚ್ಚೆ ಕೋಳಿ ಆಗಲೇ ಕೆದಕುತ್ತಿದೆ. ಅದರ ಬಾಯಲ್ಲಿ ಏನು? ಪೊರೆಯ ಏಳು ಕಾಲು ಆಚೀಚೆ ಜೋತಾಡುತ್ತಿವೆ. ನನ್ನನ್ನು ನೋಡಿದ್ದೇ ಅದು ಓಡಿತು, ಹಿಂದೆ ನಾನು. ಹಿಪ್ಪುನೇರಳೆ ತೋಟದ ಎರಡು ಸಾಲು ಸುತ್ತಿದೆವು. ಮೂರನೆಯ ಸಾಲಿಗೆ ಕೋಳಿ ಗೆದ್ದಿತು. ಕಾಲುಗಳು ಹೋದವು. ಹೊಟ್ಟೆಯೂ ಅದರ ಜೊತೆಗೇ ಹೋಯಿತೋ, ಹರಿದು ಇಲ್ಲೇ ಬಿದ್ದಿದೆಯೋ ಯಾರಿಗೆ ಗೊತ್ತು? ವಾಪಸು ಬಂದು ತಿಪ್ಪೆಯ ಪಕ್ಕ ಕೂತು ಕೈಯಿಂದ ಒಂದೊಂದು ಹಿಡಿ ಎತ್ತಿ ಮೊರದಲ್ಲಿ ಹರಡಿ ನೋಡತೊಡಗಿದೆ. ಸ್ವಲ್ಪ ಹೊತ್ತಿಗೆ ಎದುರಿಗೆ ಇನ್ನೊಬ್ಬರು ಬಂದು ಕುಕ್ಕರಗಾಲಲ್ಲಿ ಕೂತರು. ಸೊಸೆ. ಕೈಯಲ್ಲಿ ರಾಗಿ ಜರಡಿ.

"ನಿಂಗೆ ಜೇಡ ಅಂದ್ರೆ ಆಗಲ್ವಲ್ಲ," ಎಂದೆ.

"ಜೇಡ ಅಂದ್ರೆ ಆಗಲ್ಲ. ಮಗಳು ಅಂದ್ರೆ ಆಗ್ತದೆ. ಆ ಕಡೆ ಸರೀರಿ ಅತ್ತೆ."

ಬಿಸಿಲು ಇಳಿಯುವ ಹೊತ್ತಿಗೆ ಸಿಕ್ಕಿತು. ಜರಡಿಯಲ್ಲಲ್ಲ, ನನ್ನ ಮೊರದಲ್ಲಿ. ಬಾಡಿದ ಸೊಪ್ಪಿನ ಕಡ್ಡಿಗೆ ಅಂಟಿಕೊಂಡು, ಸುಟ್ಟ ಈರುಳ್ಳಿ ಸಿಪ್ಪೆಯ ಹಾಗೆ ಮುದುರಿದ ಒಂದು ಚೂರು. ರೋಮ ನೋಡಿ ಗುರುತಿಸಿದೆ. ಅಂಗೈಯಲ್ಲಿಟ್ಟುಕೊಂಡು ಮೊಮ್ಮಗಳ ದಾರಿ ಕಾಯುತ್ತ ಬಾಗಿಲಲ್ಲಿ ನಿಂತೆ. ಸೊಸೆ ಮುಟ್ಟಲಿಲ್ಲ, ಆದರೆ ಗಾಳಿ ಬೀಸದ ಹಾಗೆ ಸೆರಗು ಅಡ್ಡ ಹಿಡಿದು ನನ್ನ ಪಕ್ಕವೇ ನಿಂತಳು.

ಮಾರನೆಯ ಬೆಳಗ್ಗೆ ಮೊಮ್ಮಗಳು ಪೊರೆಯನ್ನು ಬೆಚ್ಚಗಿನ ಸೋಪು ನೀರಿನಲ್ಲಿ ನೆನೆಸಿದಳು. ಮೆತ್ತಗಾದ ಮೇಲೆ ಮಡಿಕೆ ಬಿಡಿಸಬೇಕು. ಚೀಲ ಇರುವುದು ಸಾಸಿವೆಗಿಂತ ಚಿಕ್ಕ ಜಾಗದಲ್ಲಿ. ಅವಳು ಚಿಮಟ ಹಿಡಿದಳು. ಇಟ್ಟಳು, ಮತ್ತೆ ಹಿಡಿದಳು. ಒಂದು ಅಂಚು ಕೂದಲಷ್ಟು ಹರಿಯಿತು.

"ನಂಗೆ ಆಗಲ್ಲ ಅಜ್ಜಿ."

"ಸರಿ ಆ ಕಡೆ. ಕಬ್ಬಿಣ ಹಾಕ್ತಾರೇನೇ ಇಂಥದ್ದಕ್ಕೆ?"

ಮೊಟ್ಟೆಯಿಂದ ಆಗ ತಾನೇ ಎದ್ದ ರೇಷ್ಮೆ ಮರಿ ನೋಡಿದ್ದೀರಾ? ಇರುವೆಗಿಂತ ಸಣ್ಣ. ಅದನ್ನು ಕೈಯಿಂದ ಮುಟ್ಟಿದರೆ ಸತ್ತಿತು. ಗರಿಯ ತುದಿಯಿಂದ ಸವರಿ ಸೊಪ್ಪಿನ ಮೇಲೆ ಇಳಿಸಬೇಕು. ಅಂಗಳದಲ್ಲಿ ಮಚ್ಚೆ ಕೋಳಿಯ ಉದುರಿದ ಗರಿ ಒಂದು ಬಿದ್ದಿತ್ತು. ಕದ್ದವಳೇ ತೀರಿಸಲಿ ಎಂದು ಅದನ್ನೇ ತೊಳೆದು ತಂದೆ. ತಟ್ಟೆಯ ನೀರಿನಲ್ಲಿ ಪೊರೆಯ ಅಂಚಿಗೆ ಗರಿ ತಾಗಿಸಿ, ಮಡಿಕೆಗೆ ಮಡಿಕೆ, ಉಸಿರು ಹಿಡಿದು ಬಿಡಿಸಿದೆ.

"ಅತ್ತೆ, ನಾಲಿಗೆ ಒಳಗೆ ಹಾಕಿ," ಎಂದಳು ಸೊಸೆ ಬಾಗಿಲಿನಿಂದ. ಸೂಕ್ಷ್ಮ ಕೆಲಸ ಮಾಡುವಾಗ ನನ್ನ ನಾಲಿಗೆಯ ತುದಿ ಎಡಗಡೆಗೆ ಆಚೆ ಬರುತ್ತದೆ. ಅದನ್ನು ನೋಡಿ ಊರೆಲ್ಲ ನಗುತ್ತದೆ, ನಗಲಿ.

ಪೊರೆ ನೀರಿನ ಮೇಲೆ ಬಾಳೆಲೆಯ ಹಾಗೆ ಅಗಲವಾಗಿ ಹರಡಿಕೊಂಡಿತು. ಮೊಮ್ಮಗಳು ಅದನ್ನು ಗಾಜಿನ ಮೇಲೆ ಎತ್ತಿ, ಬೆಂಗಳೂರಿನಿಂದ ತಂದಿದ್ದ ಮೈಕ್ರೋಸ್ಕೋಪಿನ ಅಡಿಗಿಟ್ಟು ಕಣ್ಣು ಹಚ್ಚಿದಳು. ಎದ್ದು ನನ್ನನ್ನು ಕೂರಿಸಿದಳು. ನೋಡಿದೆ. ಎರಡು ಚೀಲ. ಒಂದೊಂದರ ತುದಿಯೂ ಕವಲೊಡೆದು, ಎರಡು ಬೆರಳು ಎತ್ತಿ ತೋರಿಸಿದ ಹಾಗೆ. ಆಂಧ್ರದವಳದು ಕವಲಿಲ್ಲದೆ ಗುಂಡಗಿದೆಯಂತೆ.

ಅವಳ ಮೇಷ್ಟ್ರಿಗೆ ವಿಡಿಯೋದಲ್ಲಿ ತೋರಿಸಿದಳು. ಅವರು ಬಹಳ ಹೊತ್ತು ನೋಡಿ, "ಅಂಗವೂ ಬೇರೆ, ಅಕ್ಷರವೂ ಬೇರೆ. ಕೊಲ್ಲೋದು ಬೇಡ, ಬರೆಯೋಕೆ ಶುರು ಮಾಡಮ್ಮ," ಎಂದರು. ಆಮೇಲೆ, "ಇಷ್ಟು ಚೆನ್ನಾಗಿ ಬಿಡಿಸಿದ್ದು ಯಾರು? ನಿನ್ನ ಕೈ ಅಲ್ಲ ಇದು," ಎಂದರು. ನಾನು ಫೋನಿನ ಮುಂದೆ ಗರಿ ಹಿಡಿದು ತೋರಿಸಿದೆ. ತಿಪ್ಪೆಯ ವಿಷಯ ಅವರಿಗೆ ಯಾರೂ ಹೇಳಲಿಲ್ಲ. ಎಲ್ಲವನ್ನೂ ಮೇಷ್ಟ್ರಿಗೆ ಹೇಳಬೇಕೆಂದು ಎಲ್ಲಿದೆ?

ಆ ಭಾನುವಾರ ಎಂಟು ಕಾಲಿನವಳನ್ನು ತವರಿಗೆ ಬಿಡಲು ಇಬ್ಬರೂ ರಾಯಲ್ಪಾಡಿಗೆ ಹೋದೆವು. ಕೊಯ್ಲು ಮುಗಿದು ತೋಪು ಖಾಲಿಯಾಗಿತ್ತು. "ತಿರಗ ತೆಚ್ಚಿ ಒದಿಲೇಸ್ತಾರಾ?" ವಾಪಸು ತಂದು ಬಿಡುತ್ತೀರಾ ಎಂದು ಯಜಮಾನರು ಕೇಳಿದರು. ನಮ್ಮ ತಲೆಯ ಬಗ್ಗೆ ಅವರಿಗಿದ್ದ ಸ್ವಲ್ಪ ಅನುಮಾನವೂ ಪರಿಹಾರವಾದ ಹಾಗೆ ಕಂಡಿತು. ಆದರೂ ಮಜ್ಜಿಗೆ ತರಲು ಹೋದರು. ಡಬ್ಬಿಯ ಮುಚ್ಚಳ ತೆಗೆದೆವು. ಅವಳು ಬಿಲದ ಬಾಯಿಯಲ್ಲಿ ಒಂದು ಗಳಿಗೆ ನಿಂತು, ಹಳೆಯ ರೇಷ್ಮೆ ಅಂಚನ್ನು ಹೊಸ ಕಾಲಿನಿಂದ ಮುಟ್ಟಿ ನೋಡಿ, ಒಳಗೆ ಹೋದಳು. ಹಿಂತಿರುಗಿ ನೋಡಲಿಲ್ಲ.

ಮೊಮ್ಮಗಳು ಬದುವಿನ ಮೇಲೆ ಕೂತು ಪೊರೆಯ ಸೀಸೆ ತೆಗೆದಳು. ಸೀಸೆಯೊಳಗೆ ಒಂದು ಚೀಟಿ ಹಾಕಬೇಕು. ಯಾವ ಜಾಗ, ಯಾರು ಹುಡುಕಿದ್ದು, ಯಾರು ಬಿಡಿಸಿದ್ದು. ಪೆನ್ಸಿಲಿನಲ್ಲೇ ಬರೆಯಬೇಕಂತೆ, ಸ್ಪಿರಿಟ್ಟಿಗೆ ಶಾಯಿ ನಿಲ್ಲುವುದಿಲ್ಲ. ನೂರು ವರ್ಷ ಆದಮೇಲೂ ಯಾರಾದರೂ ಓದುತ್ತಾರಂತೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಬಾರದು ಎಂದು ಅವಳೇ ಹೇಳಿದಳು. ಜಾಗ ಬರೆದಳು, ಬಿಡಿಸಿದವರು ಎಂದು ಬರೆದು ನನ್ನ ಹೆಸರು ಹಾಕಿದಳು. ಅದರ ಮುಂದೆ ಅಜ್ಜಿ ಎಂದು ಬರೆಯಲು ಪೆನ್ಸಿಲು ಊರಿದಳು.

ನಾನು ಅವಳ ಕೈ ಹಿಡಿದೆ. ಒಬ್ಬಟ್ಟಿನ ಹೆಂಗಸಿಗೆ ಸುಳ್ಳು ಹೇಳಬಹುದು. ಇದು ನೂರು ವರ್ಷದ ಚೀಟಿ.

"ಹೆಸರು ಸಾಕು ಕಣೇ. ಅಜ್ಜಿ ಅಂತ ಬೇಡ. ಅದು... ನಾನು ನಿಮ್ಮಪ್ಪನ್ನ ಹೆತ್ತವಳಲ್ಲ."

ಅವಳು ತಲೆ ಎತ್ತಲಿಲ್ಲ. "ಗೊತ್ತು. ಎಂಟನೇ ಕ್ಲಾಸಲ್ಲೇ ಗೊತ್ತಿತ್ತು."

"ಮತ್ತೆ ಮದುವೇಲಿ ಎಲ್ಲರ ಕಿವಿ ನೋಡ್ಕೊಂಡು..."

"ನಿಂದು ಬಿಟ್ಟೆ ಅಲ್ವಾ?"

ಓಲೆಯ ಭಾರಕ್ಕೆ ಜೋತುಬಿದ್ದ ಕಿವಿ ಸಾಕ್ಷಿಗೆ ಬರುವುದಿಲ್ಲ. ಸುಳ್ಳೇ ಹೇಳಲು ಬಾರದವಳು ಹೇಳಿದ ಒಂದೇ ಒಂದು ಸುಳ್ಳು. ನಾನು ಪೆದ್ದಿ ಎಂದುಕೊಂಡೆನಲ್ಲ ಅವಳನ್ನು.

"ಕೈ ಬಿಡು ಅಜ್ಜಿ. ಚೀಟಿ ಹಾಳಾಗತ್ತೆ."

ಬಿಟ್ಟೆ. ಅವಳು ಬಗ್ಗಿ, ಎಳ್ಳುಕಾಳಿನಷ್ಟು ಸಣ್ಣ ಅಕ್ಷರದಲ್ಲಿ, ನನ್ನ ಹೆಸರಿನ ಮುಂದೆ ಆ ಮಾತನ್ನು ಬರೆದಳು. ಬರೆಯುವಾಗ ಅವಳ ನಾಲಿಗೆಯ ತುದಿ ಎಡಗಡೆಗೆ ಆಚೆ ಬಂದಿತ್ತು. ನಾನು ನೋಡಿದೆ, ಹೇಳಲಿಲ್ಲ. ಅಷ್ಟೆಲ್ಲ ಓದಿದ್ದಾಳೆ, ಅವಳೇ ಕಂಡುಹಿಡಿಯಲಿ.